ಮಗಳು ಮುರಿಯುವ ರೊಟ್ಟಿ

ಎಝೀರ್ ಪೇಟೆಯಲ್ಲಿ ತಂತಿವಾದ್ಯ ಹಿಡಿದು ಕೂತ ಸೋಮಾರಿಗಳೆಲ್ಲ ಈಗ ಅಸ್ಮೇರಿಯ ಮೇಲೆ ಹಾಡು ಕಟ್ಟಿದ್ದಾರೆ. ರಾಜಕುಮಾರಿ ನಗುನಗುತ್ತಾ ಅರಮನೆ ಬಿಟ್ಟಳಂತೆ, ಮುಖದಲ್ಲಿ ಬೆಳದಿಂಗಳಿತ್ತಂತೆ. ಬೆಳದಿಂಗಳಂತೆ, ಇವರ ತಲೆ! ನಾನು ಅವಳಿಗೆ ಹಾಲೂಡಿಸಿದ ದಾದಿ ಗೊಲ್ಶಾ. ಅವತ್ತು ಅವಳ ಪಕ್ಕದಲ್ಲೇ ಇದ್ದೆ. ಅವಳು ಹಲ್ಲು ಕಡಿಯುತ್ತಾ, ಅಪ್ಪನಿಗೂ ಆಸ್ಥಾನಕ್ಕೂ ಬಾಯಿಗೆ ಬಂದ ಹಾಗೆ ಶಾಪ ಹಾಕುತ್ತಾ ಹೊರಟಳು. ಹಾಡು ಕಟ್ಟುವವರಿಗೆ ಹೆಣ್ಣುಮಕ್ಕಳ ಸಿಟ್ಟು ಕಂಡರೆ ಆಗುವುದಿಲ್ಲ. ಅದಕ್ಕೇ ನಾನು ಹೇಳುತ್ತೇನೆ, ಕೇಳಿ.

ನಮ್ಮ ಸೊರ್ಮಾನ್ ಸಾಮ್ರಾಜ್ಯದಲ್ಲಿ ಚಕ್ರವರ್ತಿ ತನ್ನ ಮಧ್ಯಾಹ್ನದ ರೊಟ್ಟಿಯನ್ನು ತಾನೇ ಮುರಿಯುವ ಹಾಗಿಲ್ಲ. ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಲ್ಲಿ ಹಿರಿಯವಳು ಮುರಿದು, ಮೊದಲ ತುತ್ತು ತಾನು ತಿಂದು, ಆಮೇಲೆ ಅಪ್ಪನ ಕೈಗೆ ಕೊಡಬೇಕು. ಹಿಂದೆ ಯಾವನೋ ಊಟಕ್ಕೆ ವಿಷ ಬೆರೆಸಿದ್ದನಂತೆ, ಅಂದಿನಿಂದ ಬಂದದ್ದು. ಅವಳು ಮುರಿದ ಮೇಲೆ ಜಾಗಟೆ ಬಾರಿಸುತ್ತಾರೆ. ಜಾಗಟೆಯ ಸದ್ದು ಕೇಳಿದ ಮೇಲೆಯೇ ದಂಡಿನವರು ಬಾಯಿಗೆ ತುತ್ತು ಇಡುವುದು. ಓರ್ಕಾನ್ ಚಕ್ರವರ್ತಿಯ ಅಜ್ಜ ಒಂದು ಸಲ ಕೊಬ್ಬಿನಿಂದ ತಾನೇ ಮುರಿದು ತಿಂದನಂತೆ, ಸಂಜೆಯೊಳಗೆ ಅರ್ಧ ದಂಡು ಕುದುರೆ ಹತ್ತಿ ಊರಿಗೆ ಹೋಗಿತ್ತು. ಆಗಿನಿಂದ ಯಾವ ಚಕ್ರವರ್ತಿಯೂ ಮನೆಯಲ್ಲಿ ಕೊನೆಯ ಮಗಳನ್ನು ಮದುವೆ ಮಾಡಿ ಕಳಿಸಿದ್ದಿಲ್ಲ. ಒಬ್ಬಳು ಉಳಿಯಲೇಬೇಕು.

ಓರ್ಕಾನನಿಗೆ ಇಬ್ಬರೇ ಹೆಣ್ಣುಮಕ್ಕಳು. ತಾಯಿ ಇಲ್ಲದ ಮಕ್ಕಳು. ದೊಡ್ಡವಳು ಅಸ್ಮೇರಿ. ಚಿಕ್ಕವಳು ನೂಯಿ, ಇನ್ನೂ ಹನ್ನೆರಡು ತುಂಬಿರಲಿಲ್ಲ, ಯಾವಾಗಲೂ ತನ್ನ ಬೂದು ಕುದುರೆಯ ಕತ್ತು ತಬ್ಬಿಕೊಂಡಿರುವ ಹುಡುಗಿ. ತಾಯಿ ಸಾಯುವ ಮೊದಲು ಅದನ್ನು ಕೊಟ್ಟಿದ್ದಳು. ಅಸ್ಮೇರಿಗೆ ದಂಡಿನ ನಾಯಕ ಕೆರೂನನ ಜೊತೆ ನಿಶ್ಚಯವಾಗಿತ್ತು. ಇಡೀ ದಂಡಿನ ಎದುರು ಇಬ್ಬರೂ ಜಡೆದಾರ ಬದಲಾಯಿಸಿಕೊಂಡಿದ್ದರು. ಮದುವೆಗೆ ಮೊದಲೇ ಯುದ್ಧ ಬಂತು, ಉತ್ತರದ ಕಣಿವೆಯಲ್ಲಿ ಕೆರೂನ್ ಸತ್ತ. ಸತ್ತದ್ದು ಶತ್ರುವಿನ ಕೈಯಿಂದ ನಿಜ, ಆದರೆ ಅವನು ಕೋಟೆಯ ಬಾಗಿಲು ಬಡಿಯುತ್ತಿದ್ದಾಗ ಒಳಗಿನಿಂದ ತೆಗೆಯದೆ ಕೂತವನು ಕಣಿವೆಯ ಮಾಂಡಲಿಕ ದಾಬುರ್. ಇದು ದಂಡಿನ ಕುದುರೆಗಳಿಗೂ ಗೊತ್ತಿತ್ತು.

ಅಂಥ ದಾಬುರ್ ಚಳಿಗಾಲದ ಮೊದಲ ಹಿಮ ಬಿದ್ದಾಗ ರಾಜಧಾನಿ ಎಝೀರ್‌ಗೆ ಬಂದ. ಅರವತ್ತರ ಹತ್ತಿರದ ವಯಸ್ಸು, ಗಡ್ಡಕ್ಕೆ ಎಣ್ಣೆ ಬೇರೆ. ಕಣಿವೆ ತನ್ನ ಕೈಯಲ್ಲಿದೆ, ತನ್ನನ್ನು ಅಳಿಯನನ್ನಾಗಿ ಮಾಡಿಕೊಳ್ಳದಿದ್ದರೆ ಅದನ್ನು ಶತ್ರುವಿಗೆ ಬಿಟ್ಟುಕೊಡುತ್ತೇನೆ ಎಂದ. ಓರ್ಕಾನ್ ದೊಡ್ಡ ಮಗಳ ಕಡೆ ನೋಡಿದ.

"ಅಯ್ಯೋ, ಅವಳು ಬೇಡಪ್ಪ. ಆ ನಾಲಿಗೆ ಕಟ್ಕೊಂಡು ನಾನು ಎಲ್ಲಿಗೆ ಹೋಗ್ಲಿ?" ಎಂದು ದಾಬುರ್ ನಕ್ಕ. "ಚಿಕ್ಕದು ಕೊಡಿ. ನಮ್ಮ ಮನೇಲಿ ಬೆಳೆಯುತ್ತೆ, ನಾವು ಹೇಳ್ದಂಗೆ ಬಗ್ಗುತ್ತೆ."

ಓರ್ಕಾನ್ ಹೂಂ ಎಂದ. ಹೂಂ ಎಂದನ್ರೀ, ಹೆತ್ತ ಅಪ್ಪ! ನನ್ನ ಮೈಯೆಲ್ಲ ಉರಿದುಹೋಯಿತು. ಅಸ್ಮೇರಿ ಎದ್ದು ನಿಂತಳು.

"ಅಪ್ಪಾ, ಅವಳು ಇನ್ನೂ ಗೊಂಬೆ ಪಕ್ಕದಲ್ಲಿ ಮಲಗಿಸ್ಕೊಂಡು ನಿದ್ದೆ ಮಾಡ್ತಾಳೆ."

"ರಾಜ್ಯದ ವಿಚಾರ ನಿನಗೆ ಬೇಡ."

"ಮಗು ವಿಚಾರ ಅಪ್ಪಾ ಇದು! ಕೆರೂನನ್ನ ಸಾಯಿಸ್ದೋನಿಗೆ ನನ್ನ ತಂಗೀನ ಕೊಡ್ತೀಯಾ? ನಿನಗೆ ಮರ್ಯಾದೆ ಅನ್ನೋದು ಇದ್ಯಾ?"

"ಮುಚ್ಚು ಬಾಯಿ. ರೊಟ್ಟಿ ಮುರಿ, ಹೊತ್ತಾಯ್ತು."

ಅವಳು ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ಮುರಿಯಲ್ಲ" ಎಂದು ಹೇಳಿ ಹೊರಟುಹೋದಳು.

ಅವತ್ತು ಜಾಗಟೆ ಬಾರಿಸಲಿಲ್ಲ. ಮರುದಿನವೂ ಇಲ್ಲ. ಓರ್ಕಾನ್ ಒಳಗೆ ಕೂತು ಒಣಹಣ್ಣು ಮೆಲ್ಲುತ್ತಿದ್ದ ಎಂದು ನನಗೆ ಬಲವಾದ ಅನುಮಾನ, ಮುಖವೇನೂ ಬಾಡಿರಲಿಲ್ಲ. ಬಾಡಿದ್ದು ದಂಡಿನವರ ಮುಖ. ಹಂಡೆಗಳಲ್ಲಿ ಕುರಿಸಾರು ಹೆಪ್ಪುಗಟ್ಟಿತು, ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ಹೆಬ್ಬಾಗಿಲ ಕಾವಲಿನವನೊಬ್ಬ ಹಿಮದಲ್ಲಿ ದೊಪ್ಪೆಂದು ಬಿದ್ದ. ಓರ್ಕಾನ್ ಮಗಳನ್ನು ಕಿಟಕಿಯ ಹತ್ತಿರ ಕರೆದು ತೋರಿಸಿದ.

"ನೋಡು, ಚೆನ್ನಾಗಿ ನೋಡು. ನಿನ್ನ ಹಟಕ್ಕೆ ಉರೀತಿರೋದು ನನ್ನ ಹೊಟ್ಟೆ ಅಲ್ಲ. ಕೆರೂನನ ಜೊತೆ ಕಾದಾಡಿದೋರ ಹೊಟ್ಟೆ."

ಅಸ್ಮೇರಿ ಬಹಳ ಹೊತ್ತು ಆ ಕಾವಲಿನವನನ್ನೇ ನೋಡಿದಳು. ಆಮೇಲೆ ಬಂದು ರೊಟ್ಟಿ ಮುರಿದಳು. ಒಂದು ತುತ್ತು ಅಗಿದು ನುಂಗಿ, ಉಳಿದದ್ದನ್ನು ಅಪ್ಪನ ತಟ್ಟೆಗೆ ಎಸೆದಳು. ಜಾಗಟೆ ಮೊಳಗಿತು. ದಾಬುರ್ ಗಡ್ಡ ಸವರಿಕೊಳ್ಳುತ್ತಾ, "ಹಸಿವು ಎಂಥ ನಾಲಿಗೇನೂ ಮೆತ್ತಗೆ ಮಾಡುತ್ತೆ" ಎಂದ. ಮಂತ್ರಿ ಸೆಫೂರ ಹಿಹ್ಹಿಹ್ಹಿ ಎಂದು ಹಲ್ಲು ಕಿರಿದ. ಆ ಹಲ್ಲುಗಳನ್ನು ಉದುರಿಸಬೇಕು ಎಂದು ನನ್ನ ಕೈ ತುರಿಸಿತು.

ಕೋಣೆಗೆ ಬಂದ ಮೇಲೆ ನಾನೂ ಸುಮ್ಮನಿರಲಿಲ್ಲ. "ಇಷ್ಟೇನಾ ನಿನ್ನ ಹಟ? ನಾನು ಕೊಟ್ಟ ಹಾಲೆಲ್ಲ ನೀರಾಯ್ತಾ? ನಾಳೆ ಮಧ್ಯಾಹ್ನ ಆ ಮುದಿಗೂಬೆ ಮಗೂನ ಎತ್ತಾಕ್ಕೊಂಡು ಹೋಗ್ತಾನೆ!"

ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ತಿರುಗಿದಾಗ ನೋಡಿದರೆ ಕಣ್ಣು ಕೆಂಡದ ಹಾಗಿತ್ತು, ಒಂದು ಹನಿ ನೀರಿಲ್ಲ.

"ದಾದೀ, ಕೆರೂನನ ಈಟಿ ಎಲ್ಲಿದೆ?"

"ಪಾಳೆಯದ ಗೋಡೆ ಮೇಲೆ. ಯಾಕೆ? ಬೇಡ ಕಣೇ. ಬೇಡ ಮಗಳೇ."

"ಬೆಳಗ್ಗೆ ತಂದುಕೊಡು."

ನಿಶ್ಚಯವಾದ ಗಂಡು ಯುದ್ಧದಲ್ಲಿ ಸತ್ತರೆ ದಂಡಿನ ಮನೆಗಳಲ್ಲಿ ಕೆಲವು ಹುಡುಗಿಯರು ಅವನ ಈಟಿಯನ್ನೇ ಮದುವೆಯಾಗುತ್ತಾರೆ. ಹೊಸ್ತಿಲ ಮೇಲೆ ಈಟಿ ಅಡ್ಡ ಇಟ್ಟು, ತನ್ನ ಜಡೆದಾರ ಅದಕ್ಕೆ ಕಟ್ಟಿ, ಅವನ ಹೆಸರು ಹೇಳಿ ದಾಟಿದರೆ ಆಯಿತು, ಈಟಿಯ ಹೆಂಡತಿ. ಆಮೇಲೆ ಬೇರೆ ಗಂಡಿಲ್ಲ, ಮಕ್ಕಳಿಲ್ಲ. ಅಪ್ಪನ ಮನೆಯ ಒಂದು ಚೂರನ್ನೂ ಮುಟ್ಟದೆ ಅವತ್ತೇ ಗಂಡನ ಊರಿಗೆ ಹೋಗಿ ಅತ್ತೆಯ ಜೊತೆ ಬಾಳಬೇಕು. ಅರಮನೆಯಲ್ಲಿ ಯಾರೂ ಹೀಗೆ ಮಾಡಿದ್ದಿಲ್ಲ. ಆಸ್ಥಾನದವರಿಗೆ ಅದು ಕುದುರೆ ತೊಳೆಯುವವರ ಗೊಡ್ಡು ಆಚಾರ. ಅದಕ್ಕೇ ಸೆಫೂರನಂಥ ಜಾಣನ ತಲೆಗೂ ಅದು ಹೊಳೆಯಲಿಲ್ಲ.

ನಾನು ಈಟಿ ತಂದೆ. ದಾರಿಯುದ್ದಕ್ಕೂ ಅವಳಿಗೆ ಬೈದೆ, ನನಗೆ ಬೈದುಕೊಂಡೆ, ಸತ್ತ ಕೆರೂನನಿಗೂ ಬೈದೆ. ಆದರೂ ತಂದೆ.

ಮಧ್ಯಾಹ್ನ ಸಭಾಮಂಟಪದಲ್ಲಿ ದಂಡಿನವರು ಗೋಡೆಯುದ್ದಕ್ಕೂ ನಿಂತಿದ್ದರು. ನೂಯಿಗೆ ಕೆಂಪು ಬಟ್ಟೆ ಸುತ್ತಿ ದಾಬುರನ ಪಕ್ಕದಲ್ಲಿ ಕೂರಿಸಿದ್ದರು. ಮಗು ನಡುಗುತ್ತಿತ್ತು. ಚಳಿಗೆ ಅಂತ ಸೆಫೂರ ಎಲ್ಲರಿಗೂ ಹೇಳುತ್ತಿದ್ದ. ಅಷ್ಟರಲ್ಲಿ ಅಸ್ಮೇರಿ ಬಾಗಿಲಿಗೆ ಬಂದಳು. ಈಟಿಯನ್ನು ಹೊಸ್ತಿಲಿಗೆ ಅಡ್ಡ ಇಟ್ಟಳು, ಜಡೆ ಬಿಚ್ಚಿ ದಾರ ತೆಗೆದು ಅದಕ್ಕೆ ಬಿಗಿದಳು.

"ಇವನು ಕೆರೂನ್. ನಾನು ಇವನ ಹೆಂಡತಿ" ಎಂದು ಗಟ್ಟಿಯಾಗಿ ಹೇಳಿ ದಾಟಿದಳು.

ದಂಡಿನವನೊಬ್ಬ ತನ್ನ ಗುರಾಣಿ ಬಡಿದ. ಅವನ ಪಕ್ಕದವನೂ ಬಡಿದ. ನೋಡನೋಡುತ್ತಿದ್ದಂತೆ ಇಡೀ ಮಂಟಪ ಗುಡುಗಿತು. ದಂಡು ಒಪ್ಪಿತ್ತು.

"ಏನು ಹುಚ್ಚಾಟ ಇದು?" ಎಂದು ಓರ್ಕಾನ್ ಎದ್ದು ಅರಚಿದ.

"ಮದುವೆ ಅಪ್ಪಾ. ನೀನೇ ನಿಶ್ಚಯ ಮಾಡಿದ್ದು, ಮರೆತ್ಯಾ?"

ದಾಬುರ್ ಹೆಗಲು ಹಾರಿಸಿದ. "ಅವಳು ಕೋಲನ್ನಾದ್ರೂ ಕಟ್ಕೊಳ್ಳಲಿ, ಕೊಡಲಿನಾದ್ರೂ ಕಟ್ಕೊಳ್ಳಲಿ. ನನಗೇನು? ನನಗೆ ಚಿಕ್ಕದು ಸಾಕು."

ಅಸ್ಮೇರಿ ನೆಟ್ಟಗೆ ಅವನೆದುರು ಬಂದು ನಿಂತಳು. "ಈಗ ಈ ಮನೇಲಿ ಮದುವೆ ಆಗದ ಮಗಳು ಯಾರಿದ್ದಾರೆ ದಾಬುರ್? ಅವಳನ್ನೂ ನೀನು ಕರ್ಕೊಂಡು ಹೋದ್ರೆ ನಮ್ಮಪ್ಪನಿಗೆ ರೊಟ್ಟಿ ಯಾರು ಮುರೀತಾರೆ? ನೀನು ಮುರೀತೀಯಾ? ಬಾ, ಲಂಗ ತರಿಸ್ತೀನಿ."

ದಂಡಿನವರು ಗೊಳ್ಳೆಂದು ನಕ್ಕರು. ದಾಬುರನ ಮುಖ ಕಪ್ಪಿಟ್ಟಿತು. ಓರ್ಕಾನ್ ಗೋಡೆಯುದ್ದಕ್ಕೂ ನಿಂತವರ ಮುಖ ನೋಡಿದ. ನಗು ನಿಂತಿತ್ತು, ಎಲ್ಲರ ಕಣ್ಣೂ ದಾಬುರನ ಮೇಲಿತ್ತು. ಕೆರೂನ್ ಬಡಿದ ಬಾಗಿಲು ಅವರಿಗೆ ನೆನಪಿತ್ತು.

"ನೂಯಿ ಇಲ್ಲೇ ಇರ್ತಾಳೆ" ಎಂದು ಓರ್ಕಾನ್ ಹೇಳಿದ, ಹಲ್ಲಿನ ಸಂದಿಯಿಂದ.

"ಕಣಿವೆ ಕಳ್ಕೋತೀಯ!" ಎಂದು ದಾಬುರ್ ಕೂಗಿದ. ಒಂದಿಬ್ಬರು ಈಟಿ ಸರಿಪಡಿಸಿಕೊಂಡದ್ದೇ ತಡ, ಉಳಿದದ್ದನ್ನು ನುಂಗಿಕೊಂಡು ಹೊರಗೆ ನಡೆದ. ಎಣ್ಣೆ ಹಚ್ಚಿದ ಗಡ್ಡ ಮಾತ್ರ ಮಿನುಗುತ್ತಿತ್ತು.

ಅಲ್ಲಿಗೆ ಮುಗಿಯಲಿಲ್ಲ. ದಂಡಿನೆದುರು ಸೋತ ಸಿಟ್ಟನ್ನು ಓರ್ಕಾನ್ ಮಗಳ ಮೇಲೆ ತೀರಿಸಿಕೊಂಡ. "ಪದ್ಧತಿ ಅಂದ್ಯಲ್ಲಾ? ಪದ್ಧತಿ ಪ್ರಕಾರವೇ ಹೋಗು. ನನ್ನ ಮನೇದು ಒಂದು ನೂಲೂ ನಿನ್ನ ಮೈಮೇಲೆ ಇರಬಾರದು. ಈ ತೊಗಲಂಗಿ ನಂದು, ಬಿಚ್ಚು. ಬೂಟು ನಂದು, ಬಿಚ್ಚು. ಈ ದಾದಿ ನನ್ನ ಅನ್ನ ತಿಂದವಳು, ಇಲ್ಲೇ ಇರ್ತಾಳೆ."

ಕೆರೂನನ ಊರು ಉಪ್ಪುಬಯಲಿನ ಆಚೆ. ಮೊಣಕಾಲುದ್ದ ಹಿಮ. ಬರಿಗಾಲಲ್ಲಿ ಹೋದರೆ ಅತ್ತೆಮನೆ ಸೇರುವುದಿಲ್ಲ, ಹೆಣವಾಗುತ್ತಾಳೆ. ಅದು ಅವನಿಗೂ ಗೊತ್ತಿತ್ತು. ಅಸ್ಮೇರಿ ಹಲ್ಲು ಕಡಿಯುತ್ತಾ ತೊಗಲಂಗಿ, ಬೂಟು ಎರಡೂ ಬಿಚ್ಚಿ ಅಪ್ಪನ ಕಾಲ ಹತ್ತಿರ ಎಸೆದಳು. ದಂಡಿನವನೊಬ್ಬ ತನ್ನ ಕಂಬಳಿ ತೆಗೆದು ಅವಳಿಗೆ ಹೊದೆಸಿದ. ನಾನು ಓರ್ಕಾನನಿಗೆ ಏನೆಂದು ಬೈದೆನೋ ನನಗೇ ನೆನಪಿಲ್ಲ, ಯಾರೋ ನನ್ನ ಬಾಯಿ ಮುಚ್ಚಿ ಹಿಡಿದರು.

"ನೂಯಿ, ರೊಟ್ಟಿ ಮುರಿ" ಎಂದು ಓರ್ಕಾನ್ ಕೂತ.

ಕೆಂಪು ಬಟ್ಟೆಯ ಮಗು ಎದ್ದು ಬಂತು. ಜವೆಗೋಧಿಯ ದಪ್ಪ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿತು. ಎತ್ತಿಕೊಂಡು ಹಾಗೇ ನಿಂತಿತು.

"ಮುರಿ ಅಂದೆ."

"ನನ್ನ ಕುದುರೆ ಅಕ್ಕನಿಗೆ" ಎಂದಿತು ಮಗು. "ಅದು ಅಮ್ಮ ಕೊಟ್ಟಿದ್ದು, ನಿಂದಲ್ಲ. ನನ್ನ ಬೂಟೂ ಅಮ್ಮಂದು. ನನಗೆ ದೊಡ್ಡದು, ಅಕ್ಕನಿಗೆ ಆಗುತ್ತೆ."

"ನೂಯಿ!"

"ದಾದೀನೂ ಹೋಗ್ಲಿ. ಅಕ್ಕನಿಗೆ ಅಲ್ಲಿ ಯಾರೂ ಗೊತ್ತಿಲ್ಲ." ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ಅವರು ಹೆಬ್ಬಾಗಿಲು ದಾಟೋದು ನನಗೆ ಕಾಣ್ಬೇಕು. ಆಮೇಲೆ ಮುರೀತೀನಿ. ಅಲ್ಲೀವರೆಗೂ ಮುರಿಯಲ್ಲ."

ಓರ್ಕಾನ್ ತಟ್ಟೆಯನ್ನು ದಿಟ್ಟಿಸಿದ. ಗೋಡೆಯ ಪಕ್ಕದಲ್ಲಿ ಯಾರದೋ ಖಾಲಿ ಹೊಟ್ಟೆ ಗುರ್ರೆಂದದ್ದು ಮಂಟಪಕ್ಕೆಲ್ಲ ಕೇಳಿಸಿತು. ಒಬ್ಬ ಮಗಳು ಹೋದರೆ ಮುರಿಯಲು ಇನ್ನೊಬ್ಬಳಿದ್ದಾಳೆ ಎಂದು ಇಷ್ಟು ದಿನ ಲೆಕ್ಕ ಹಾಕಿದ್ದ. ಈಗ ಇವಳೊಬ್ಬಳೇ. ಇವಳನ್ನು ಹೆದರಿಸಿ ಎಲ್ಲಿಗೆ ಕಳಿಸುತ್ತಾನೆ? ಅವನು ಕೈ ಬೀಸಿದ, ಹೋಗಿ ಎಂಬ ಹಾಗೆ.

ನೂಯಿಯ ಕಾಲಿನಿಂದ ಬೂಟು ಬಿಚ್ಚಿದವಳು ನಾನು. ಒಳಗೆ ಬಟ್ಟೆ ತುರುಕಿ ಹಾಕಿಕೊಂಡಿದ್ದಳು. "ಮಗೂ, ನಿನ್ನ ಹತ್ತಿರ ಯಾರಿರ್ತಾರೆ?" ಎಂದು ಕಿವಿಯಲ್ಲಿ ಕೇಳಿದೆ. "ನನ್ನ ಹತ್ರ ರೊಟ್ಟಿ ಇದ್ಯಲ್ಲ" ಎಂದಳು.

ಅಸ್ಮೇರಿ ಬೂದು ಕುದುರೆಯ ಮೇಲೆ ಈಟಿ ಹಿಡಿದು ಕೂತಳು. ನಾನು ಲಗಾಮು ಹಿಡಿದು ನಡೆದೆ. ಕುದುರೆ ನೂಯಿಯ ಕಡೆ ತಿರುಗಿ ತಿರುಗಿ ನೋಡುತ್ತಾ ಮೊಂಡು ಹಿಡಿಯಿತು, ನಾನು ಅದಕ್ಕೂ ಬೈದೆ. ಹೆಬ್ಬಾಗಿಲು ದಾಟಿ ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಜಾಗಟೆಯ ಸದ್ದು ಕೇಳಿತು.

ಆಗ ಅಸ್ಮೇರಿ ಅತ್ತಳು. ಅಪ್ಪನಿಗೆ ಬೈಯುತ್ತಲೇ ಅತ್ತಳು. ಉಪ್ಪುಬಯಲು ಮುಗಿಯುವವರೆಗೂ ಬೈಗುಳ ನಿಲ್ಲಿಸಲಿಲ್ಲ, ಅವಳು ಸುಸ್ತಾದಾಗ ನಾನು ಮುಂದುವರಿಸಿದೆ. ಆ ಹಾಡಿನಲ್ಲಿ ಈ ಬೈಗುಳ ಇಲ್ಲ. ಕಂಬಳಿ ಕೊಟ್ಟವನೂ ಇಲ್ಲ. ಬರಿಗಾಲಲ್ಲಿ ತಣ್ಣನೆ ಕಲ್ಲಿನ ಮೇಲೆ ನಿಂತು, ಎರಡೂ ಕೈಯಲ್ಲಿ ರೊಟ್ಟಿ ಹಿಡಿದು, ಕಿಟಕಿಯಿಂದ ನಮ್ಮನ್ನೇ ನೋಡುತ್ತಿದ್ದ ಆ ಮಗುವಿನ ಹೆಸರು ಕೂಡ ಇಲ್ಲ.