ಮೂವತ್ತು ಕೋಸು, ಮೂರು ದಿನ

ದಲ್ಲೆಯ ಮನೆಬಾಗಿಲ ಪಕ್ಕದ ಗೋಡೆಗೆ, ಚಪ್ಪಲಿಗೂಡಿನ ಮೇಲೆ, ಬಿಸ್ಕತ್ತಿನಷ್ಟಗಲದ ಬಿಳಿ ಬಿಲ್ಲೆಯೊಂದನ್ನು ಅಂಟಿಸಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಸಹಾಯಕಿ, ಉಂಜೇಯ ಅಮ್ಮ, ಬಂದು ತನ್ನ ಫೋನನ್ನು ಅದಕ್ಕೆ ತಾಗಿಸಿದರೆ ಟಿಣ್ ಎನ್ನುತ್ತಿತ್ತು. ಹನ್ನೆರಡಕ್ಕೆ ಹೊರಡುವಾಗ ಇನ್ನೊಂದು ಟಿಣ್. ಸಹಾಯಕಿ ಬಂದಳು, ಹೋದಳು ಎಂದು ಕಚೇರಿಗೆ ಗೊತ್ತಾಗುತ್ತಿದ್ದುದು ಅದರಿಂದಲೇ. ದಲ್ಲೆಗೆ ಮಾತ್ರ ಆ ಎರಡು ಸದ್ದಿನ ನಡುವಿನ ಮೂರು ಗಂಟೆಯೇ ದಿನ. ಸ್ನಾನ, ಅಡುಗೆ, ಔಷಧಿ, ಹರಟೆ, ಜಗಳ ಎಲ್ಲ ಅಷ್ಟರೊಳಗೆ ಮುಗಿಯಬೇಕು. ಮಿಕ್ಕಿದ್ದು ಬರೀ ಕಾಯುವುದು.

ಎಂಬತ್ತೆರಡರ ದಲ್ಲೆ ಕುನ್ಸಾನ್ ಪೇಟೆಯಲ್ಲಿ ನಲವತ್ತು ವರ್ಷ ನಿಂತುಕೊಂಡೇ ಮೀನಿನ ವಡೆ ಕರಿದವಳು. ಅಷ್ಟು ವರ್ಷ ನಿಂತದ್ದೆಲ್ಲ ಈಗ ಮಂಡಿಗೆ ಇಳಿದು ಕೂತಿತ್ತು. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಾಗಿರಲಿಲ್ಲ. ಗುಡ್ಡದ ಓಣಿಯಲ್ಲಿ ಮೂವತ್ತಾರು ಮೆಟ್ಟಿಲು ಹತ್ತಿದರೆ ಸಿಗುವ ಈ ಎರಡು ಕೋಣೆಯ ಮನೆಯೊಂದೇ ಅವಳದು. ಇವಳಿಗೆ ಆರೈಕೆ ಬೇಕು ಎಂದು ಸರ್ಕಾರ ಕೊಟ್ಟ ದರ್ಜೆ ಇದ್ದರೆ ಸಹಾಯಕಿ ಬರುತ್ತಾಳೆ, ಸಹಾಯಕಿ ಬಂದರೆ ಈ ಮನೆಯಲ್ಲಿ ಇರಬಹುದು. ಬಚ್ಚಲ ತೊಟ್ಟಿಯೊಳಕ್ಕೆ ಅವಳು ಒಬ್ಬಳೇ ಇಳಿಯಬಲ್ಲಳು, ಒಬ್ಬಳೇ ಎದ್ದು ಬರಲಾರಳು.

ಸಹಾಯಕಿಗೆ ತನ್ನದೇ ಒಂದು ಹೆಸರಿತ್ತು. ನಾಲ್ಕು ವರ್ಷದಲ್ಲಿ ದಲ್ಲೆ ಒಂದು ಸಲವೂ ಆ ಹೆಸರು ಹಿಡಿದು ಕರೆದಿರಲಿಲ್ಲ. ಅವಳ ಹಿರಿಮಗಳು ಉಂಜೇ, ಹಾಗಾಗಿ ಇವಳು ಉಂಜೇ ಅಮ್ಮ. ಉಂಜೇ ಅಮ್ಮನಿಗೆ ದಲ್ಲೆ ಬರೀ ಅಮ್ಮ.

ಹೋದ ನವೆಂಬರಿನಲ್ಲಿ, ಊರೆಲ್ಲ ಚಳಿಗಾಲಕ್ಕೆ ಹಾಕಿಡುವ ಕಿಮ್ಚಿ ಉಪ್ಪಿನಕಾಯಿಗೆ ಕೋಸು ತರುತ್ತಿದ್ದಾಗ, ಉಂಜೇ ಅಮ್ಮ ಪಾತ್ರೆ ತೊಳೆಯುತ್ತಾ ಹೇಳಿದ್ದಳು: "ಈ ಸಲ ಅಂಗಡೀದೇ ತರೋದು ಅಂದ್ಕೊಂಡಿದೀನಿ ಅಮ್ಮ. ಎರಡು ಮಕ್ಕಳು, ಈ ಕೆಲಸ. ಕೂತು ಹಾಕೋಕೆ ಪುರುಸೊತ್ತೆಲ್ಲಿ?"

"ಅಂಗಡಿ ಕಿಮ್ಚಿನಾ? ಬೆಳೆಯೋ ಮಕ್ಕಳಿಗಾ? ಅದರ ಬದ್ಲು ಒಂದಿಷ್ಟು ಕೆಂಪು ಬಣ್ಣ ನೆಕ್ಕಿಸು."

ಮಾರನೆಯ ದಿನವೇ ದಲ್ಲೆ ಪೇಟೆಗೆ ಫೋನು ಮಾಡಿ ಮೂವತ್ತು ಕೋಸು ತರಿಸಿದಳು.

"ಈ ಮಂಡಿ ಇಟ್ಕೊಂಡಾ?" ಎಂದು ಉಂಜೇ ಅಮ್ಮ ಅಂಗಳದಲ್ಲೇ ನಿಂತುಬಿಟ್ಟಳು.

"ಕಿಮ್ಚಿ ಹಾಕೋದು ಕೈಲಿ ಕಣೆ. ಮಂಡಿ ಸುಮ್ನೆ ಜೊತೆಗಿರುತ್ತೆ."

ಸೀಳಿ ಉಪ್ಪು ಹಾಕಿದ ಕೋಸನ್ನು ತೊಳೆದು ಬಸಿದು, ಮೂಲಂಗಿ ಹೆರೆದು, ಮೆಣಸಿನಪುಡಿಗೆ ಬೆಳ್ಳುಳ್ಳಿ ಮತ್ತು ಉಪ್ಪಿಟ್ಟ ಸೀಗಡಿ ಕಲಸಿ, ಕೆಂಪು ರಬ್ಬರು ತೊಟ್ಟಿಯ ಮುಂದೆ ಕೂತು ಎಲೆ ಎಲೆ ಬಿಡಿಸಿ ಸವರಿದಳು. ಉಂಜೇ ಅಮ್ಮ ಮಧ್ಯೆ ಮಧ್ಯೆ ಕೈ ಹಾಕಿದಳು, ಅವಳ ಹೊತ್ತು ಮುಗಿದ ಮೇಲೆ ದಲ್ಲೆ ಒಬ್ಬಳೇ. ಕತ್ತಲಾಗುವ ಮೊದಲು ಮೂರು ದೊಡ್ಡ ಡಬ್ಬ ತುಂಬಿದವು. ಎರಡು ಉಂಜೇಯ ಮನೆಗೆ, ಒಂದು ತನಗೆ.

ಮಾರನೆಯ ಬೆಳಿಗ್ಗೆ ಟಿಣ್ ಎಂದಾಗ ದಲ್ಲೆ ಹಾಸಿಗೆಯಿಂದಲೇ ಕೂಗಿದಳು. ಏಳಲಾಗುತ್ತಿರಲಿಲ್ಲ. ಹಾಸಿಗೆ ಒದ್ದೆಯಾಗಿತ್ತು. ಉಂಜೇ ಅಮ್ಮ ಎಲ್ಲ ಬದಲಿಸಿದಳು, ಒರೆಸಿದಳು, ಮಲಗಿದಲ್ಲೇ ಹೋಗಲು ಕೆಳಗಿಡುವ ಪಾತ್ರೆ ತಂದಳು. ಮೂರು ದಿನ ಹೀಗೇ. ಮೂರನೆಯ ದಿನ ಇಬ್ಬರಿಗೂ ಯಾತಕ್ಕೋ ನಗು ಬಂದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಇದನ್ನ ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ ಅಮ್ಮ."

ಮಾರ್ಚಿನಲ್ಲಿ ದರ್ಜೆಯ ಅವಧಿ ಮುಗಿಯುತ್ತಾ ಬಂದು, ಕಚೇರಿಯಿಂದ ನೋಡಲು ಬರುತ್ತೇವೆಂದು ಫೋನು ಬಂತು. ಎರಡು ವರ್ಷದ ಹಿಂದೆ ಹೀಗೆ ಬಂದಿದ್ದಾಗ ಉಂಜೇ ಅಮ್ಮ ವಾರವಿಡೀ ಪಾಠ ಮಾಡಿದ್ದಳು: ಎದ್ದು ಹಣ್ಣು ಹೆಚ್ಚಿಕೊಡಬೇಡಿ, ಹೊಸ ಬಟ್ಟೆ ಬೇಡ, ನೋವಿದ್ದರೆ ನೋವು ಅನ್ನಿ, ಅಧಿಕಾರಿ ಮುಂದೆ ಪೈಲ್ವಾನಳಾಗಬೇಡಿ. ಈ ಸಲ ಪಾಠವಿರಲಿಲ್ಲ.

"ಏನು ಹೇಳ್ಲೇ ಅವರಿಗೆ?" ಎಂದು ದಲ್ಲೆಯೇ ಕೇಳಿದಳು.

"ಇರೋ ಹಾಗೆ ಇರಿ ಅಮ್ಮ," ಎಂದಳು ಉಂಜೇ ಅಮ್ಮ, ಬಟ್ಟೆ ಮಡಿಸುತ್ತಾ.

ಬಂದ ಅಧಿಕಾರಿ ಚಿಕ್ಕ ಹುಡುಗಿ. ಬೆಚ್ಚಗಿನ ನೆಲದ ಮೇಲೆ ಎದುರಿಗೇ ಕೂತು ಕೈ ಎತ್ತಿಸಿದಳು, ಕಾಲು ಚಾಚಿಸಿದಳು, ಇವತ್ತು ಯಾವ ವಾರ ಎಂದಳು. ದಲ್ಲೆ ಹಳೇ ಪಾಠ ನೆನಪಿಟ್ಟುಕೊಂಡು ಎಲ್ಲಕ್ಕೂ ನಿಜವನ್ನೇ ಹೇಳಿದಳು. ಸ್ನಾನಕ್ಕೆ ಉಂಜೇ ಅಮ್ಮ ಬೇಕು. ಮೆಟ್ಟಿಲಿಗೆ ಉಂಜೇ ಅಮ್ಮ ಬೇಕು. ಆಮೇಲೆ ಆ ಹುಡುಗಿ ಅಂಗಳಕ್ಕೆ ಹೋಗಿ ಸಹಾಯಕಿಯನ್ನು ಬೇರೆಯಾಗಿ ಮಾತಾಡಿಸಿದಳು. ಬಾಗಿಲ ಮಂಜುಗಾಜಿನಾಚೆ ಎರಡು ನೆರಳು ಕಂಡವು. ಒಂದು ಬಹಳ ಹೊತ್ತು ತಲೆಯಾಡಿಸುತ್ತಿತ್ತು.

ಚೀಲ ತೆಗೆದುಕೊಳ್ಳಲು ಒಳಬಂದ ಅಧಿಕಾರಿ ನಕ್ಕಳು. "ಅಜ್ಜಿ, ಹೋದ ಚಳಿಗಾಲ ಒಬ್ರೇ ನಲವತ್ತು ಕೋಸಿನ ಕಿಮ್ಚಿ ಹಾಕಿದ್ರಂತೆ? ನಮ್ಮಮ್ಮಂಗೆ ಅರವತ್ತು, ಹತ್ತು ಕೋಸಿಗೇ ಸೊಂಟ ಹಿಡ್ಕೊಳುತ್ತೆ."

ದಲ್ಲೆಯ ಮುಖ ಅರಳಿತು. "ನಲವತ್ತಲ್ಲಮ್ಮ, ಮೂವತ್ತು. ಸುಳ್ಳು ಯಾಕೆ ಹೇಳ್ಲಿ. ಉಪ್ಪು ಹಾಕಿದ್ದು ಬಿಟ್ರೆ ಎಲ್ಲ ಒಂದೇ ದಿನಕ್ಕೆ. ತಾಳು, ಇನ್ನೂ ಇದೆ, ನಿಮ್ಮಮ್ಮಂಗೆ ಒಂದಿಷ್ಟು ಕಟ್ಟಿಕೊಡ್ತೀನಿ." ಗೋಡೆ ಹಿಡಿದು ಎದ್ದೂಬಿಟ್ಟಳು.

ಅಧಿಕಾರಿ ನಾವು ಏನೂ ತಗೊಳ್ಳೋ ಹಾಗಿಲ್ಲ ಅಜ್ಜಿ ಎಂದು ಬಗ್ಗಿ ನಮಸ್ಕರಿಸಿ, ಹೊರಡುವ ಮುನ್ನ ನಿಂತಲ್ಲೇ ಏನನ್ನೋ ಬರೆದುಕೊಂಡಳು.

ಮೂರು ವಾರಕ್ಕೆ ಕಾಗದ ಬಂತು. ಎದುರು ಮನೆಯ ಚುನ್‌ಶಿಮ್, ದಲ್ಲೆಗಿಂತ ಎರಡು ವರ್ಷ ಚಿಕ್ಕವಳು, ಕನ್ನಡಕ ಏರಿಸಿ ಓದಿದಳು.

"ದರ್ಜೆಯಿಂದ ಹೊರಗೆ ಅಂತೆ. ನೀನು ವಾಸಿಯಾಗಿದ್ದೀಯ ಕಣೆ ಅಕ್ಕ. ಸರ್ಕಾರವೇ ಹೇಳಿದ ಮೇಲೆ ಇನ್ನೇನು, ನಾಳೆಯಿಂದ ನನ್ ಜೊತೆ ಕುಣಿಯೋಕೆ ಬಾ."

ದಲ್ಲೆ ನಗಲಿಲ್ಲ. ಚುನ್‌ಶಿಮ್ ಕಾಗದವನ್ನು ಮತ್ತೊಮ್ಮೆ ಓದಿದಳು. "ಮನೆಗೆಲಸ ದೊಡ್ಡ ಪ್ರಮಾಣದಲ್ಲಿ ತಾವೇ ಮಾಡಬಲ್ಲರು ಅಂತ ಬರ್ದಿದಾರೆ. ಅದೇನು?"

"ಕಿಮ್ಚಿ. ಉಂಜೇ ಅಮ್ಮ ಹೇಳಿದಾಳೆ. ಹೊಗಳೋಕೆ ಹೋಗಿ ಬಾಯ್ತಪ್ಪಿ ಬಂದಿರುತ್ತೆ."

"ಅವಳ ಮನೆಗೆ ಹಾಕಿದ ಕಿಮ್ಚಿನಾ?" ಚುನ್‌ಶಿಮ್ ಕನ್ನಡಕದ ಮೇಲಿಂದ ನೋಡಿದಳು. "ಆಮೇಲೆ ನೀನು ಓಣಿಲಿ ಕಂಡಿದ್ದೇ ನಾಲ್ಕನೇ ದಿನಕ್ಕೆ. ಅದನ್ನೂ ಹೇಳಿದ್ಳಾ?"

ಚುನ್‌ಶಿಮ್ ಕಾಗದದ ಕೊನೆಗೆ ಬೆರಳಿಟ್ಟಳು.

"ಮೂರು ತಿಂಗಳೊಳಗೆ ಮತ್ತೆ ನೋಡಿ ಅಂತ ಕೇಳ್ಬಹುದಂತೆ. ನೋಡ್ಕೊಳ್ಳೋರು ಏನಾದ್ರೂ ಬರೆದುಕೊಟ್ರೆ ಅದನ್ನೂ ಜೊತೆಗಿಡಿ ಅಂತಿದೆ. ಬರೆಸ್ಕೋ ಅವಳ ಕೈಲಿ."

ಮಾರನೆಯ ಬೆಳಿಗ್ಗೆ ದಲ್ಲೆ ಕಾಗದ, ಪೆನ್ನು ಎರಡನ್ನೂ ಊಟದ ಪುಟ್ಟ ಮೇಜಿನ ಮೇಲೆ ಇಟ್ಟುಕೊಂಡು ಕಾದಳು. ಟಿಣ್ ಎಂದಿತು. ಉಂಜೇ ಅಮ್ಮ ಸೀದಾ ಒಲೆಯ ಹತ್ತಿರ ಹೋಗಿ ಸಾರಿಗೆ ತೋಫು ಹೆಚ್ಚತೊಡಗಿದಳು.

"ಒಂದೆರಡು ಸಾಲು ಬರೆದುಕೊಡು ಉಂಜೇ ಅಮ್ಮ. ಆ ಮೂರು ದಿನದ್ದು. ಹಾಸಿಗೆ ಒದ್ದೆಯಾಗಿದ್ದೂ ಬರಿ. ಈಗೇನು ನಾಚಿಕೆ."

ಚಾಕು ನಿಲ್ಲಲಿಲ್ಲ. "ಯಾರಿಗೂ ಹೇಳ್ಬೇಡ ಅಂದಿದ್ರಲ್ಲ ಅಮ್ಮ."

"ಈಗ ನಾನೇ ಹೇಳು ಅಂತಿದೀನಿ."

ಚಾಕು ನಿಂತಿತು. ಉಂಜೇ ಅಮ್ಮ ತಿರುಗಲಿಲ್ಲ. "ಒಂದನೇ ತಾರೀಕಿಂದ ನಂಗೆ ಬೇರೆ ಮನೆ ಗೊತ್ತಾಗಿದೆ."

"ಕಾಗದ ಬಂದಿದ್ದೇ ನಿನ್ನೆ. ಅಷ್ಟು ಬೇಗ ಹ್ಯಾಗಾಯ್ತು?"

ಸಾರು ಕುದಿಯಿತು. ಉಂಜೇ ಅಮ್ಮ ಉರಿ ತಗ್ಗಿಸಿದಳು.

"ಯಾವಾಗ ಗೊತ್ತಾಯ್ತೇ?"

"ಫೆಬ್ರವರಿಲಿ."

ಅಧಿಕಾರಿ ಬಂದದ್ದು ಮಾರ್ಚಿನಲ್ಲಿ. ಮೇಜಿನ ಮೇಲಿನ ಪೆನ್ನನ್ನು ದಲ್ಲೆ ನೋಡುತ್ತಾ ಕೂತಳು.

"ಗುಡ್ಡದ ಕೆಳಗೆ ಮನೆ. ಮೆಟ್ಟಿಲಿಲ್ಲ. ಚಿಕ್ಕೋನ ಶಾಲೆ ಪಕ್ಕಾನೇ," ಎಂದಳು ಉಂಜೇ ಅಮ್ಮ, ಒಲೆಗೆ ಹೇಳಿದಂತೆ. "ನನ್ ಮಂಡಿನೂ ಹೋಗ್ತಿದೆ ಅಮ್ಮ. ದಿನಾ ಈ ಮೆಟ್ಟಿಲು."

"ಹೋಗ್ತೀನಿ ಅಂದಿದ್ರೆ ಆಗ್ತಿತ್ತು. ನಾನೇನು ಸೆರಗು ಹಿಡ್ಕೊಂಡು ಅಳ್ತಿದ್ನಾ? ಇನ್ನೊಬ್ಬಳನ್ನ ಕಳಿಸ್ತಿದ್ರು."

"ನಿಮ್ ಮುಖ ನೋಡ್ಕೊಂಡು ಹೇಳೋಕಾಗ್ಲಿಲ್ಲ. ನಾನೇ ಬಿಟ್ಟುಹೋದೆ ಅಂತ ನಿಮಗನ್ನಿಸಬಾರದು ಅಂತ. ಅವರೇ ನಿಲ್ಲಿಸಿದ್ರೆ ನಿಮಗೂ ಬೇಜಾರಿರಲ್ಲ ಅಂದ್ಕೊಂಡೆ."

"ನಂಗೆ ಬೇಜಾರಾಗಬಾರದು ಅಂತ ನನ್ನೊಬ್ಬಳನ್ನೇ ಬಚ್ಚಲಿಗೆ ದೂಡಿದೆ."

ಉಂಜೇ ಅಮ್ಮ ಮುಖ ಒರೆಸಿಕೊಂಡಳು.

"ಈಗಾದ್ರೂ ಬರಿ. ಇಬ್ಬರೇ ಇದ್ದೀವಿ. ಬರೆದುಕೊಟ್ಟು ಹೋಗು, ನಾನೊಂದು ಮಾತು ಆಡಲ್ಲ."

"ಬರೆದ್ರೆ ಮೊದಲು ಹೇಳಿದ್ದು ಸುಳ್ಳು ಅಂತಾಗುತ್ತೆ. ನನ್ನ ಕೆಲಸದ ಪರವಾನಗೀನೇ ಕಿತ್ಕೋತಾರೆ ಅಮ್ಮ."

"ಆ ಅಮ್ಮ ಅನ್ನೋ ಮಾತನ್ನ ಇನ್ನು ಇಲ್ಲಿ ಖರ್ಚು ಮಾಡ್ಬೇಡ. ಕೆಳಗಡೆ ಮನೆಗೆ ಬೇಕಾಗುತ್ತೆ, ಇಟ್ಕೋ." ದಲ್ಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. "ಹೋಗೋ ಮೊದಲು ನನ್ನ ಎರಡು ಡಬ್ಬ ತಂದುಕೊಡು."

ತಿಂಗಳ ಕೊನೆಯ ದಿನ ಉಂಜೇ ಅಮ್ಮ ಡಬ್ಬಗಳನ್ನು ತಂದಳು. ತೊಳೆದು ಒಣಗಿಸಿದ್ದಳು. ಖಾಲಿ ಡಬ್ಬ ಹಿಂದಿರುಗಿಸುವುದು ಯಾರ ಮನೆಯಲ್ಲೂ ಇಲ್ಲದ್ದರಿಂದ ಒಂದರಲ್ಲಿ ಒಣಗಿದ ಕಡಲಸೊಪ್ಪಿನ ಕಟ್ಟು, ಇನ್ನೊಂದರಲ್ಲಿ ಮೂರು ಮರಸೇಬು ಇಟ್ಟಿದ್ದಳು. ದಲ್ಲೆ ಅವನ್ನು ಒಂದೊಂದಾಗಿ ತೆಗೆದು ಅವಳ ಕೈಚೀಲಕ್ಕೇ ಹಾಕಿದಳು.

"ಮಕ್ಕಳು ತಿಂದ್ರಾ ಕಿಮ್ಚಿನ?"

"ಎಲ್ಲಾ ಖಾಲಿ ಮಾಡಿದ್ರು. ಉಂಜೇ ಅಂತೂ..." ಎಂದವಳು ಕೈಚೀಲದ ಬಾಯಿ ಕಟ್ಟಿದಳು.

"ಸರಿ. ಮಕ್ಕಳು ತಿಂದಿದ್ದು ದಂಡವಾಗಲ್ಲ."

ಹನ್ನೆರಡಕ್ಕೆ ಗೋಡೆಯ ಬಿಲ್ಲೆ ಟಿಣ್ ಎಂದಿತು. ಓಣಿಯ ಮೆಟ್ಟಿಲಿಳಿಯುವ ಹೆಜ್ಜೆಯನ್ನು ದಲ್ಲೆ ಹತ್ತರವರೆಗೆ ಎಣಿಸಿ ಬಿಟ್ಟಳು.

ಮಾರನೆಯ ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ ಎದ್ದು ಬಚ್ಚಲಿಗೆ ಹೋದಳು. ತೊಟ್ಟಿಯ ಅಂಚನ್ನು ಮುಟ್ಟಿ ನೋಡಿ ಕೈ ತೆಗೆದಳು. ಇಳಿದರೆ ಮೇಲೆತ್ತುವವರಿಲ್ಲ. ಹೊರಗಿದ್ದ ಡಬ್ಬಗಳಲ್ಲಿ ಒಂದನ್ನು ಕಾಲಿನಿಂದ ತಳ್ಳುತ್ತಾ ತಂದು ಹೊಸ್ತಿಲ ಬಳಿ ಇಟ್ಟು, ಚೊಂಬಿನಲ್ಲಿ ಎಂಟು ಸಲ ಬಿಸಿನೀರು ಮೊಗೆದು ಸುರಿದಳು. ಪಕ್ಕದಲ್ಲಿ ಮಣೆ ಹಾಕಿ ಕೂತು ಬಟ್ಟೆ ಅದ್ದಿ ಕತ್ತು, ಕಂಕುಳು, ಮಂಡಿ ಒರೆಸಿಕೊಂಡಳು. ಬೆನ್ನಿಗೆ ಕೈ ಎಟುಕಲಿಲ್ಲ.

ಡಬ್ಬದ ಒಳಗೋಡೆಗೆ ಮೆಣಸಿನ ಕೆಂಪು ಕೂತುಬಿಟ್ಟಿತ್ತು. ಬಿಸಿನೀರು ಬಿದ್ದದ್ದೇ ಬೆಳ್ಳುಳ್ಳಿ, ಸೀಗಡಿ, ಹುಳಿ ಎಲ್ಲ ಒಟ್ಟಿಗೆ ಎದ್ದು ಬಂದವು. ಉಂಜೇ ಅಮ್ಮ ಚೆನ್ನಾಗಿಯೇ ಉಜ್ಜಿದ್ದಳು. ಆದರೂ ಆ ವಾಸನೆ ದಲ್ಲೆಯ ಮೈಗೆ ಅಂಟಿಕೊಂಡು ದಿನವೆಲ್ಲ ಉಳಿಯಿತು.