ಗೋಡೆ ಬೀಳುವ ಮೊದಲು ಕೂಗುವ ಹೆಸರು

ಊರಿಗೆ ಶಾಪಿಂಗ್ ಮಾಲಿನ ಹುಚ್ಚು ಹಿಡಿದಿದ್ದ ೨೦೦೭ರ ಮಾತು. ರಾಜಾಜಿನಗರದ ಹಳೇ ಆಫೀಸು ಕಟ್ಟಡಗಳನ್ನು ಕೆಡವುತ್ತಿದ್ದ ಜಾಗದಲ್ಲಿ ಕೆಳಗೆ ಅಂಗಡಿ, ನಡುವೆ ಕಚೇರಿ, ಮೇಲೆ ಮನೆಗಳು ಬರುತ್ತವೆಂದು ರಸ್ತೆಗೆ ಮುಖ ಮಾಡಿದ ಬೋರ್ಡು ಬಣ್ಣಬಣ್ಣವಾಗಿ ಹೇಳುತ್ತಿತ್ತು. ಅದರ ಹಿಂದೆ ಧೂಳು ಕುಡಿಯುತ್ತಿದ್ದವರ ಸುದ್ದಿ ಬೋರ್ಡಿಗೇಕೆ ಬೇಕು?

ಗದಗದ ಕಡೆಯಿಂದ ಬಂದ ದುರ್ಗವ್ವನಿಗೆ ಮೂರನೇ ಮಹಡಿಯ ಅಂಚಿನಲ್ಲಿ ನಿಂತು ಕೂಗುವ ಕೆಲಸ. ಮೇಲಿನವರು ಗೋಡೆ ಉರುಳಿಸುವ ಮುಂಚೆ, ಕೆಳಗೆ ಕಂಬಿ ಆಯುವವರನ್ನು ಹೆಸರು ಹಿಡಿದು ಕರೆಯಬೇಕು. ಎಲ್ಲರೂ ಓಗೊಟ್ಟು ಸರಿದ ಮೇಲೆ ಕೆಂಪು ಬಟ್ಟೆ ಬೀಸಬೇಕು. ಎಲ್ಲರ ಹೆಸರೂ ಅವಳ ಬಾಯಲ್ಲಿ ಸಲೀಸು, ಗಂಡ ಸಿದ್ದಬಸಪ್ಪನದೊಂದನ್ನು ಬಿಟ್ಟು. ಅದನ್ನು ಜೊತೆಗೆ ನಿಲ್ಲುವ ಶಂಕ್ರವ್ವ ಕೂಗುತ್ತಿದ್ದಳು.

“ನೀನೇ ಕೂಗ್ಬಾರ್ದೇನಮ್ಮ?” ಎಂದು ಸೂಪರ್‌ವೈಸರ್ ಲಕ್ಷ್ಮೀಪತಿ ಒಮ್ಮೆ ನಕ್ಕಿದ್ದ.

“ಗಂಡನ ಹೆಸರ ಹೇಳಿದ್ರ ಆಯುಷ್ಯ ಕಡಿಮಿ ಆಕ್ಕೈತ್ರೀ ಸಾಹೇಬ್ರ,” ಎಂದು ಅವಳು ಸೆರಗು ಬಾಯಿಗೆ ಹಿಡಿದಿದ್ದಳು. ಮದುವೆಯ ದಿನ ಹೆಂಗಸರು ಕಾಡಿದ್ದಕ್ಕೆ ಒಡಪಿನ ಪದ್ಯದಲ್ಲಿ ಆ ಹೆಸರು ಸೇರಿಸಿ ಹೇಳಿದ್ದೇ ಮೊದಲು, ಅದೇ ಕೊನೆ.

ಒಂದು ದಿನ ಶಂಕ್ರವ್ವ ಜ್ವರ ಬಂದು ಹೇರೋಹಳ್ಳಿಯ ಕೂಲಿಯವರ ಶೆಡ್ಡಿನಲ್ಲೇ ಮಲಗಿದ್ದಳು. ದುರ್ಗವ್ವ ಒಬ್ಬಳೇ ಕೂಗಿದಳು. ಭರಮಪ್ಪ ಸರಿದ, ರುದ್ರೇಶ ಸರಿದ. “ಕಲಾವತಿ ಅಪ್ಪಾ!” ಎಂದು ಮಗಳ ಹೆಸರು ಹಿಡಿದು ಗಂಡನನ್ನು ಕರೆದಳು. ಡ್ರಿಲ್ಲಿನ ಸದ್ದಿಗೆ ಕಿವಿ ಕಿತ್ತುಹೋಗುವಂತಿತ್ತು. ಅವನು ತಲೆ ತಗ್ಗಿಸಿ ಕಂಬಿ ಕೀಳುತ್ತಲೇ ಇದ್ದ. ದಿನವೂ ತನ್ನ ಹೆಸರು ಕೇಳಿ ಸರಿಯುತ್ತಿದ್ದವನ ಕಿವಿ ಆ ಹೆಸರನ್ನೇ ಕಾಯುತ್ತಿತ್ತು.

ಅವಳು ಬಟ್ಟೆ ಬೀಸಿರಲಿಲ್ಲ. ಆದರೆ ಬಿರುಕು ಬಿಟ್ಟ ಗೋಡೆ ಬಟ್ಟೆಗೆ ಕಾಯದೆ ವಾಲಿತು. ಹೆಸರು ನಾಲಿಗೆಯ ತುದಿಗೆ ಬಂತು. ಕೈ ತಾನಾಗಿಯೇ ಬಾಯಿಗೆ ಹೋಯಿತು. “ರೀ, ಸರೀರಿ!” ಎಂದಳು. ಅಯ್ಯೋ, ಅವನ ಆಯುಷ್ಯ ಉಳಿಯಲೆಂದು ಕಟ್ಟಿಕೊಂಡಿದ್ದ ನಾಲಿಗೆ ಅದು! ಗೋಡೆ ಅವನ ಮೇಲೆ ಬಿತ್ತು.

ಸಂಜೆ ಹೆಣ ತೆಗೆದಾಗ ಪೊಲೀಸಿನವನು ಹೆಸರು ಕೇಳಿದ. ಲಕ್ಷ್ಮೀಪತಿ ಮುಖ ಒರೆಸಿಕೊಂಡ.

“ನಮ್ಮ ಕೆಲಸದೋನಲ್ಲ ಸಾರ್. ಹಳೇ ಕಬ್ಬಿಣ ಕದಿಯೋಕೆ ಯಾವನೋ ನುಗ್ಗಿದ್ದ ಅನ್ಸುತ್ತೆ.”

ಭರಮಪ್ಪ, ರುದ್ರೇಶ ನೆಲ ನೋಡುತ್ತ ನಿಂತರು. ನಾಳೆಯ ಕೂಲಿ ಅವರ ಬಾಯಿ ಹೊಲಿದಿತ್ತು.

ದುರ್ಗವ್ವ ಎದ್ದು ಬಂದಳು. ಬಾಯಿಗೆ ಹಿಡಿದಿದ್ದ ಸೆರಗು ತೆಗೆದಳು.

“ಸಿದ್ದಬಸಪ್ಪ,” ಎಂದಳು. “ನನ್ನ ಗಂಡ. ಸಿದ್ದಬಸಪ್ಪ.”

ಪೊಲೀಸಿನವನು ಬರೆದುಕೊಂಡ ಮೇಲೂ ಅವಳು ನಿಲ್ಲಿಸಲಿಲ್ಲ; ಮೂರನೇ ಮಹಡಿಯಿಂದ ಕೂಗಬೇಕಾಗಿದ್ದಷ್ಟು ಜೋರಾಗಿ ಕೂಗುತ್ತಲೇ ಇದ್ದಳು.