ಮಾವನ ಕುದುರೆ

ನನ್ನ ಸೋದರಮಾವ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಕಳೆದು ಉಳಿದದ್ದನ್ನು ನಂಬಬೇಕು ಎನ್ನುವುದು ನಮ್ಮ ಮನೆಯ ಲೆಕ್ಕ. ಆನೆಯ ಮೇಲೆ ಕೂತಿದ್ದೆ ಎಂದರೆ ಆನೆಯನ್ನು ದೂರದಿಂದ ನೋಡಿದ್ದಾರೆ ಎಂದು ಅರ್ಥ. ಹಾಗಾಗಿ ಹಳೆಯ ಸಾಹಸ ಕಾಮಿಕ್ಸ್‌ಗಳ ಮುಖಪುಟಗಳ ಚಿತ್ರ ಬರೆದದ್ದು ತಾನೇ ಎಂದು ಅವರು ಹೇಳಿದಾಗ ಅಮ್ಮ ಮಡಚುತ್ತಿದ್ದ ಬಟ್ಟೆಯಿಂದ ತಲೆ ಕೂಡ ಎತ್ತಲಿಲ್ಲ.

"ಆ ಕಂಪನೀಲಿ ಕೆಲಸಕ್ಕಿದ್ದದ್ದು ನಿಜ. ಬ್ರಷ್ ತೊಳೀತಿದ್ದ," ಎಂದಳು.

ಬೇರೆ ಸಮಯದಲ್ಲಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಕಾಮಿಕ್ಸ್‌ಗಳನ್ನು ಈಗ ಮರುಮುದ್ರಿಸುತ್ತಿರುವುದು ನಾನು ಕೆಲಸಕ್ಕೆ ಸೇರಿರುವ ಪ್ರಕಾಶನ. ಪ್ರತಿ ಮುಖಪುಟದ ಕೆಳಗೂ ಚಿತ್ರ ಬರೆದವರ ಹೆಸರು ಹಾಕಬೇಕು. ಅದನ್ನು ಪತ್ತೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮುಖಪುಟಗಳಲ್ಲಿ ಸಹಿಯೇ ಇಲ್ಲ. ಹೆಸರು ಹೊರಗೆ ಗೊತ್ತಾದರೆ ಬೇರೆ ಕಂಪನಿಯವರು ಕಲಾವಿದರನ್ನು ಎಗರಿಸಿಕೊಂಡು ಹೋಗುತ್ತಾರೆಂದು ಆಗಿನ ಮಾಲೀಕ ಸಹಿಯ ಮೇಲೆ ಬಣ್ಣ ಬಳಿಸಿಬಿಡುತ್ತಿದ್ದನಂತೆ. ಒಳಪುಟಗಳನ್ನು ಬರೆದವರು ಯಾರೆಂದು ಮಾತ್ರ ಎಲ್ಲರಿಗೂ ಗೊತ್ತು. ಮಾವ 'ದೊಡ್ಡೋರು' ಎನ್ನುವ ಆ ಹಿರಿಯ ಕಲಾವಿದರು ಈಗಿಲ್ಲ. ಮುಖಪುಟಗಳೂ ಅವರವೇ ಎನ್ನುವುದು ನಮ್ಮ ಸಂಪಾದಕರ ಖಚಿತ ಅಭಿಪ್ರಾಯ.

ಅದನ್ನು ಹೇಳಿದಾಗ ಮಾವನ ಮುಖ ಸಣ್ಣದಾಯಿತು. "ತೀರಿಕೊಂಡೋರ ಜೊತೆ ಜಗಳ ಆಡೋಕಾಗುತ್ತಾ ಪುಟ್ಟಿ? ಆದ್ರೆ ನಾನಿನ್ನೂ ಇದ್ದೀನಲ್ಲ. ನನ್ನ ಕಣ್ಣೆದುರಿಗೇ ನನ್ನ ಚಿತ್ರಕ್ಕೆ ಬೇರೆಯವರ ಹೆಸರು ಹಾಕ್ತೀರಾ?"

ನಾನು ಅವರ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ. ನನಗೂ ಅವರ ಮೇಲೆ ನಂಬಿಕೆ ಇರಲಿಲ್ಲ.

ಆಫೀಸಿನಲ್ಲಿ ಭೂತಗನ್ನಡಿ ಹಿಡಿದು ಕಿವಿ, ಬೆರಳು, ಬಟ್ಟೆಯ ನೆರಿಗೆಗಳನ್ನು ನೋಡುತ್ತ ಕೂರುತ್ತಿದ್ದೆ. ಕೆಲವು ಮುಖಪುಟಗಳಲ್ಲಿ ನಾಯಕ ಲಗಾಮು ಹಿಡಿಯುವಾಗ ಕಿರುಬೆರಳು ಎತ್ತಿಕೊಂಡಿರುತ್ತದೆ. ಮಾವ ಚಹಾ ಲೋಟ ಹಿಡಿಯುವುದೂ ಹಾಗೆಯೇ. ಒಂದು ಕ್ಷಣ ಖುಷಿಯಾಯಿತು. ಮರುಕ್ಷಣವೇ, ಈ ಚಿತ್ರಗಳನ್ನು ನೋಡಿಯೇ ಅವರು ಹಾಗೆ ಹಿಡಿಯುವುದನ್ನು ಕಲಿತಿದ್ದರೆ, ಅನ್ನಿಸಿತು. ಕಿರುಬೆರಳಿನ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ.

ಮಾವ ಹೇಳುವುದನ್ನು ಸಂಪಾದಕರಿಗೆ ತಿಳಿಸಿದಾಗ ಅವರಿಗೆ ನನ್ನ ಮೇಲೂ ಅನುಮಾನ ಬಂತು. "ತಪ್ಪು ತಿಳ್ಕೋಬೇಡಮ್ಮ. ಸ್ವಂತ ಮಾವ ಅಂದಮೇಲೆ ಕಣ್ಣು ಒಂಚೂರು ಆ ಕಡೆಗೇ ಹೊರಳುತ್ತೆ. ಅವರನ್ನ ಕರೆಸು, ಪರೀಕ್ಷೆ ಮಾಡೋಣ," ಎಂದರು. ನಮ್ಮ ಆಫೀಸಿನ ಚಿತ್ರಗಾರರನ್ನು ನಾವೆಲ್ಲ ಗಡ್ಡದವರು ಎನ್ನುತ್ತೇವೆ. ಅವರ ಕೈಯಲ್ಲಿ ಹಳೆಯ ಹಳದಿ ಕಾಗದದ ಮೇಲೆ ಒಂದು ನಕಲಿ ಮುಖಪುಟ ತಯಾರಾಯಿತು: ನಾಲ್ಕು ಕಾಲೂ ಚಾಚಿ ಓಡುವ ಕುದುರೆ, ಮೇಲೆ ಮುಖವಾಡದ ಸವಾರ. ಅದನ್ನೂ ತನ್ನದು ಎಂದರೆ ಮಾವ ಸಿಕ್ಕಿಬಿದ್ದ ಹಾಗೆ. ಮನೆಯಲ್ಲಿ ಇದರ ಸುಳಿವು ಕೊಡಬಾರದೆಂದು ನನಗೆ ತಾಕೀತಾಯಿತು.

ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. "ನಮ್ಮ ಹುಡುಗಿ ಇಲ್ಲಾದ್ರೂ ಬಾಯಿ ಬಿಡ್ತಾಳಾ ಸಾರ್? ಮನೇಲಿ ಇವಳಿಗಿಂತ ಗೋಡೆಗಳೇ ವಾಸಿ," ಎಂದು ನಗುತ್ತ ಮೇಜಿನ ಮುಂದೆ ಕೂತರು.

ಒಂದೊಂದೇ ಮುಖಪುಟ ಎತ್ತಿ ನೋಡಿದರು. "ನಂದು. ಇದೂ ನಂದು. ಇದು ನಂದಲ್ಲ, ದೊಡ್ಡೋರದ್ದು," ಎನ್ನುತ್ತ ಕೆಲವನ್ನು ಪಕ್ಕಕ್ಕಿಟ್ಟರು.

ಸಂಪಾದಕರು ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ನಂಬಿಕೆ ಬರಲಿ ಅಂತ ಕೆಲವನ್ನ ಬಿಟ್ಟುಕೊಡ್ತಿದ್ದಾರೆ. ಹಳೇ ಉಪಾಯ."

ನಕಲಿ ಮುಖಪುಟ ಕೈಗೆ ಬಂದಾಗ ಮಾವ ತುಂಬ ಹೊತ್ತು ನೋಡಿದರು. "ಕುದುರೆ ನಂದು. ಕಾಲು ನಂದಲ್ಲ."

"ಒಂದೇ ಕುದುರೆಗೆ ಇಬ್ಬರು ಯಜಮಾನರಾ?" ಎಂದರು ಸಂಪಾದಕರು. ಗಡ್ಡದವರು ನಗು ತಡೆಯಲಾಗದೆ ಕೆಮ್ಮಿದರು.

"ಕಾಲು ಯಾರೋ ಆಮೇಲೆ ಸೇರಿಸಿದ್ದು."

"ಹೇಗೆ ಹೇಳ್ತೀರಿ?"

ಮಾವ ಕಿಟಕಿಯ ಕಡೆ ನೋಡಿದರು. "ನಂದಲ್ಲ ಅಂದೆನಲ್ಲ," ಎಂದವರೇ ಚಹಾ ಪೂರ್ತಿ ಕುಡಿಯದೆ ಎದ್ದು ಹೋದರು.

"ಬಲೆಗೆ ಬಿದ್ದರು," ಎಂದರು ಸಂಪಾದಕರು. "ಎಲ್ಲದಕ್ಕೂ ಹಿರಿಯರ ಹೆಸರೇ ಹಾಕಿ ಅಚ್ಚಿಗೆ ಕಳಿಸಿಬಿಡು."

ನಾನು ತಲೆಯಾಡಿಸಿ ನನ್ನ ಜಾಗಕ್ಕೆ ಬಂದೆ. ಆದರೆ ಕೆಲಸ ಮುಂದೆ ಸಾಗಲಿಲ್ಲ. ಜಂಬದ ಮನುಷ್ಯ ಇಡೀ ಕುದುರೆಯನ್ನೇ ತನ್ನದೆನ್ನಬಹುದಿತ್ತು. ಕಾಲನ್ನು ಯಾಕೆ ಬಿಟ್ಟುಕೊಟ್ಟರು? ಅಷ್ಟು ಹೊತ್ತು ಮಾವನ ಮೇಲಿದ್ದ ನನ್ನ ಅನುಮಾನ ಮೆಲ್ಲಗೆ ಆ ನಕಲಿ ಕುದುರೆಯ ಕಡೆ ತಿರುಗಿತು. ಗಡ್ಡದವರ ಹತ್ತಿರ ಹೋಗಿ, ಇಷ್ಟು ಬೇಗ ಹೇಗೆ ಬರೆದಿರಿ ಎಂದು ಕೇಳಿದೆ.

ಅವರು ಅತ್ತಿತ್ತ ನೋಡಿದರು. "ಸಂಪಾದಕರಿಗೆ ಹೇಳ್ಬೇಡಮ್ಮ. ಯಾವುದೋ ಹರಿದ ಮುಖಪುಟದ ತುಂಡು ಹಳೇ ಕಾಗದದ ಕಟ್ಟಿನ ಅಡಿಯಲ್ಲಿ ಸಿಕ್ತು. ಅದನ್ನೇ ಕೆಳಗಿಟ್ಟು ಟ್ರೇಸ್ ಮಾಡಿದೆ. ಹೊಸ ಕುದುರೆ ಬರೀತಾ ಕೂರೋಕೆ ಪುರುಸೊತ್ತೆಲ್ಲಿತ್ತು?"

"ಕಾಲುಗಳನ್ನೂ ಟ್ರೇಸ್ ಮಾಡಿದ್ರಾ?"

"ಅದರಲ್ಲಿ ಕಾಲೇ ಇರಲಿಲ್ಲ. ಬರೀ ಧೂಳು. ಕಾಲು ನಾನೇ ಹಾಕಿದ್ದು."

ಮಾವ ಬೇರೆ ಮಾಡಿಟ್ಟಿದ್ದ ಎರಡು ಗುಂಪುಗಳನ್ನು ಮತ್ತೆ ಹರಡಿದೆ. ತನ್ನದು ಎಂದವುಗಳಲ್ಲಿ ಒಬ್ಬರಿಗೂ ಪಾದವಿಲ್ಲ. ಧೂಳು, ಎತ್ತರದ ಹುಲ್ಲು, ಹೊಳೆಯ ನೀರು, ಹೊಗೆ; ಇವೇನೂ ಇಲ್ಲದ ಕಡೆ ಶೀರ್ಷಿಕೆಯ ಅಕ್ಷರಗಳೇ ಪಾದಕ್ಕೆ ಅಡ್ಡ ನಿಂತಿವೆ. ದೊಡ್ಡವರದು ಎಂದವುಗಳಲ್ಲಿ ಬೂಟಿನ ಲೇಸು, ಹಿಮ್ಮಡಿಯ ಬಿರುಕು, ಕುದುರೆಯ ಲಾಳದ ಮೊಳೆ ಕೂಡ ಎಣಿಸುವಷ್ಟು ಸ್ಪಷ್ಟ. ಒಳಪುಟಗಳೂ ಹಾಗೆಯೇ.

ಕೆಲಸ ಮುಗಿಸಿ ನೇರ ಮಾವನ ಮನೆಗೆ ಹೋದೆ. "ನಿಮಗೆ ಕಾಲು ಬರೆಯೋಕೆ ಬರ್ತಿರಲಿಲ್ಲ, ಅಲ್ವಾ ಮಾವ?"

ಅವರು ಎದ್ದು ಬಾಗಿಲು ಹಾಕಿದರು. "ಮೆಲ್ಲಗೆ. ನಿಮ್ಮತ್ತೆ ಒಳಗಿದ್ದಾಳೆ." ಆಮೇಲೆ ಮಂಚದ ಅಂಚಿನಲ್ಲಿ ಕೂತು, "ಎಷ್ಟು ತಿದ್ದಿದರೂ ಬದನೆಕಾಯಿ ಆಗೋದು ಕಣೆ. ದೊಡ್ಡೋರೊಬ್ಬರಿಗೇ ಗೊತ್ತಿತ್ತು. ಧೂಳೆಬ್ಬಿಸಿಬಿಡು, ಯಾರು ಬಂದು ಕೇಳ್ತಾರೆ ಅಂದ್ರು," ಎಂದರು.

"ನಾಳೆ ಸಂಪಾದಕರಿಗೆ ಇದನ್ನ ಹೇಳ್ತೀನಿ."

"ಬೇರೆ ಏನಾದ್ರೂ ಹೇಳೇ."

"ಬೇರೆ ಏನು ಹೇಳಿದ್ರೂ ಯಾರು ನಂಬ್ತಾರೆ? ನಾನೇ ನಂಬಿರಲಿಲ್ಲ."

ಅವರೊಂದಿಗೆ ನಾನು ಹಾಗೆ ಮಾತಾಡಿದವಳೇ ಅಲ್ಲ. ಮಾವ ಮಂಚದ ಹೊದಿಕೆಯ ಸುಕ್ಕು ಎಳೆದು ಸರಿಮಾಡಿದರು. ಆಮೇಲೆ, "ಪುಸ್ತಕದಲ್ಲೂ ಹಾಕ್ತಾರಾ?" ಎಂದರು.

"ಕಾರಣ ಕೊಡದೆ ಹೆಸರು ಹಾಕಲ್ಲ ಅವರು."

"ಹಾಗಾದ್ರೆ ಹಾಕಿಸು. ಹೆಸರು ದಪ್ಪಕ್ಷರದಲ್ಲಿ, ಕಾಲಿನ ವಿಷಯ ಸಣ್ಣಕ್ಷರದಲ್ಲಿ."

ಮರುದಿನ ಎರಡೂ ಗುಂಪುಗಳನ್ನು ಸಂಪಾದಕರ ಮುಂದಿಟ್ಟು, ತೊದಲುತ್ತಲೇ ಎಲ್ಲ ಹೇಳಿದೆ. ಗಡ್ಡದವರು ತಲೆ ತಗ್ಗಿಸಿ ಹೌದೆಂದರು. "ನಿಮ್ಮ ಮಾವ ಒಪ್ಪಿಕೊಂಡರು ಅಂದಮೇಲೇ ನನಗೆ ಹೆಚ್ಚು ಅನುಮಾನ," ಎಂದ ಸಂಪಾದಕರು ಭೂತಗನ್ನಡಿ ಕಸಿದುಕೊಂಡು, ಪ್ರತಿ ಮುಖಪುಟದ ಬುಡವನ್ನೂ ತಾವೇ ನೋಡಿದರು. ಒಂದೇ ಒಂದು ಪಾದ ಸಿಕ್ಕೀತೇನೋ ಎಂದು ಹುಡುಕಿದರು. ಕೊನೆಯದನ್ನು ಕೆಳಗಿಟ್ಟು ನಿಟ್ಟುಸಿರು ಬಿಟ್ಟರು.

"ಪೂರ್ತಿ ಹೆಸರು ಬರೆದುಕೊಡು."

ಪೆನ್ನು ಎತ್ತಿಕೊಂಡ ಮೇಲೆ, ಮಾವನ ಪೂರ್ತಿ ಹೆಸರು ನನಗೆ ಗೊತ್ತಿಲ್ಲ ಎಂದು ತಿಳಿಯಿತು. ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ.

"ಅವನ ಪೂರ್ತಿ ಹೆಸರಾ?" ಅಮ್ಮನ ದನಿ ತಟ್ಟನೆ ಬಿಗಿಯಾಯಿತು. "ಯಾಕೆ, ಈಗೇನು ಮಾಡ್ಕೊಂಡಿದ್ದಾನೆ?"